ಹತ್ತು ಮಕ್ಕಳ ಸೀಸೆ

ಜಿಲ್ಲಾ ಲಸಿಕೆ ಉಗ್ರಾಣ
೧೨ ಜನವರಿ ೨೦೦೪

ಪ್ರೀತಿಯ ನಲಿಶೇಬೋ ಅಕ್ಕನಿಗೆ,

ಲಸಿಕೆ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ನಿನಗೆ ಎರಡು ಕಾಗದ ಸಿಕ್ಕಿರುತ್ತವೆ. ಟೈಪು ಮಾಡಿದ್ದು ಕಚೇರಿಯದು, ಇದು ನನ್ನದು. ದಯವಿಟ್ಟು ಇದನ್ನೇ ಮೊದಲು ಓದು. ಅದನ್ನು ಮೊದಲು ಓದಿದರೆ ಸಿಟ್ಟಿನಲ್ಲಿ ಎರಡನ್ನೂ ಒಲೆಗೆ ಹಾಕುತ್ತೀಯ ಎಂದು ನನಗೆ ಗೊತ್ತು.

ವಿಷಯ ಇಷ್ಟೇ. ಹೋದ ವರ್ಷ ನಮ್ಮ ಜಿಲ್ಲೆಯಲ್ಲಿ ದಡಾರದ ಲಸಿಕೆ ಬಹಳ ವ್ಯರ್ಥವಾಗಿದೆಯಂತೆ. ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಔಷಧ, ಒಮ್ಮೆ ನೀರು ಬೆರೆಸಿದರೆ ಸಂಜೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಇದನ್ನು ನಾನು ನಿನಗೆ ಹೇಳುವುದೇ ತಮಾಷೆ. ನೀನು ಸೂಜಿ ಹಿಡಿದ ಕಾಲಕ್ಕೆ ನಾನು ಮೂಗು ಸುರಿಸಿಕೊಂಡು ದನ ಕಾಯುತ್ತಿದ್ದೆ. ಆದರೆ ಮೂರು ಮಕ್ಕಳಿಗಾಗಿ ಸೀಸೆ ತೆರೆದು ಮಿಕ್ಕಿದ್ದನ್ನು ಚೆಲ್ಲಿದವರಲ್ಲಿ ನಿನ್ನ ಚಿಕಿತ್ಸಾಲಯವೇ ಮುಂದು. ನಮ್ಮ ಹೊಸ ಮೇಲಧಿಕಾರಿ ಮುಂಡಿಯಾ ಅವರು ಎಲ್ಲರೆದುರಿಗೆ, "ಇದು ನಿಮ್ಮಕ್ಕನದೇ ಅಲ್ವೇನಪ್ಪಾ?" ಅಂದರು. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ? ಇನ್ನು ಮೇಲೆ ಹತ್ತು ಮಕ್ಕಳು ಸೇರದೆ ಸೀಸೆ ತೆರೆಯಬಾರದು. ಆ ಕಾಗದದ ಕೆಳಗಿನ ಸಹಿ ನನ್ನದೇ, ಬೈಗುಳ ಮಾತ್ರ ಅವರದು.

ನನ್ನ ಕೂಸು ಲಿಸೇಲಿ ಹೇಗಿದ್ದಾಳೆ? ಲುಂಗೋವೆ ಮಗಳನ್ನು ಅಮ್ಮನ ಬಳಿ ಬಿಟ್ಟು ಶಿಕ್ಷಕರ ಕಾಲೇಜಿಗೆ ಹಿಂತಿರುಗುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ ಹೋಗುವುದು ನಮ್ಮಲ್ಲಿ ಹೊಸತಲ್ಲ. ಆದರೂ ಹೆತ್ತ ಕರುಳು. ಒಂದು ಬಾಕಿ ಉಳಿದಿದೆ. ಒಂಬತ್ತು ತಿಂಗಳು ತುಂಬಿದಾಗ ಅವಳಿಗೆ ದಡಾರದ ಸೂಜಿ ಆಗಲಿಲ್ಲ. ಆ ತಿಂಗಳು ರಾಜಧಾನಿಯಿಂದ ಲಾರಿ ಬರಲಿಲ್ಲ, ನನ್ನ ಫ್ರಿಜ್ಜುಗಳೆಲ್ಲ ಖಾಲಿ. ಮೀನುಗಾರನ ಮನೆಯಲ್ಲಿ ಬರೀ ಮುದ್ದೆ ಉಂಡ ಹಾಗಾಯಿತು ನನ್ನ ಕಥೆ. ಈಗ ನಾಲ್ಕು ಸೀಸೆ ಕಳಿಸಿದ್ದೇನೆ. ಮೊದಲ ಸೂಜಿ ಅವಳಿಗೆ ಹಾಕು.

ಅಮ್ಮನಿಗೆ ಸಕ್ಕರೆ ಇಟ್ಟಿದ್ದೇನೆ. ದೋಣಿಯ ಲುಬಿಂಡಾ ಕೈಹಾಕದಿದ್ದರೆ ತಲುಪುತ್ತದೆ.

ನಿನ್ನ ತಮ್ಮ
ಇಮಾಸಿಕು


ಸಿಕುಲೂ ದಿಬ್ಬದ ಚಿಕಿತ್ಸಾಲಯ
೨೭ ಜನವರಿ, ಮಂಗಳವಾರ

ಉಗ್ರಾಣದ ದೊರೆಗಳಿಗೆ,

ಅಪ್ಪಣೆಯಂತೆ ನಿಮ್ಮದನ್ನೇ ಮೊದಲು ಓದಿದೆ. ಇನ್ನೊಂದನ್ನು ಮಾತ್ರ ಒಲೆಗೆ ಹಾಕಿದೆ. ಸಕ್ಕರೆ ಅರ್ಧ ಬಂದಿದೆ.

ತಮ್ಮಾ, ಜಾಂಬೆಜಿ ನದಿಯ ಈ ಬಯಲಲ್ಲಿ ಹತ್ತು ಮಕ್ಕಳನ್ನು ಎಲ್ಲಿಂದ ತರಲಿ? ಒಂದೊಂದು ದಿಬ್ಬದ ಮೇಲೆ ನಾಲ್ಕೈದು ಮನೆ, ನಡುವೆ ನೀರು. ಅದು ದಿನಾ ಏರುತ್ತಿದೆ. ಗಂಡಸರು ದನಗಳನ್ನು ದಂಡೆಗೆ ಅಟ್ಟಿಕೊಂಡು ಹೋಗಿದ್ದಾರೆ, ದೋಣಿಗಳೂ ಅವರ ಹಿಂದೆಯೇ ಹೋಗಿವೆ. ಇವತ್ತು ಏಳು ಮಕ್ಕಳು ಬಂದಿದ್ದವು. ಲಿಸೇಲಿಯೂ ಸೇರಿ ಏಳು. ಅಮ್ಮ ಅವಳನ್ನು ಬೆನ್ನಿಗೆ ಕಟ್ಟಿಕೊಂಡು, ತಾನೇ ಹುಟ್ಟು ಹಾಕಿಕೊಂಡು ಬಂದಿದ್ದಳು.

"ಏಳೇ ಇದಾವಮ್ಮಾ. ಹತ್ತಾಗ್ಬೇಕು" ಅಂದೆ.

"ಮಕ್ಕಳನ್ನ ಎಣಿಸ್ಬೇಡ ಕಣೇ. ಎಣಿಸಿದ್ರೆ ಕಮ್ಮಿ ಆಗ್ತವೆ ಅಂತ ನಿಮ್ಮಜ್ಜಿ ಹೇಳ್ತಿರ್ಲಿಲ್ವಾ?"

"ಎಣಿಸು ಅಂದಿರೋನು ನಿನ್ನ ಮಗ."

"ಹಾಗಾದ್ರೆ ಮಿಕ್ಕ ಮೂರನ್ನ ಅವನೇ ಹೆತ್ತು ಕೊಡ್ಲಿ!"

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಏಳು ಮಂದಿಯನ್ನೂ ವಾಪಸು ಕಳಿಸಿದೆ. ಹೋಗುವಾಗ ಯಾರೂ ನಗಲಿಲ್ಲ. ಅಮ್ಮ ಮುಖ ಊದಿಸಿಕೊಂಡೇ ದೋಣಿ ಹತ್ತಿದಳು.

ನಿನ್ನ ಮಗಳಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅವುಗಳಿಂದ ಅಜ್ಜಿಯ ಮೂಗು ಕಚ್ಚುತ್ತಾಳೆ. ಯಾರಿಗೂ ಹೆದರುವವಳಲ್ಲ, ನಮ್ಮ ಬಿಳಿ ಹೇಂಟೆಯೊಂದನ್ನು ಬಿಟ್ಟು. ನನ್ನ ತೊಡೆಯ ಮೇಲೆ ಕೂತಿದ್ದಾಗ ಸೀಸೆ ನನ್ನ ಕೈಯಲ್ಲೇ ಇತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ನೀನೇ ಹೇಳು, ಅವಳಿಗಾಗಿ ಒಂದನ್ನು ತೆರೆಯಲೇ? ನಿನ್ನ ಒಂದು ಮಾತು ಸಾಕು.

ಫ್ರಿಜ್ಜಿಗೆ ಸೀಮೆಎಣ್ಣೆ ಕಮ್ಮಿ ಇದೆ. ಮರೆಯಬೇಡ.

ಅಕ್ಕ


ಉಗ್ರಾಣ
೯ ಫೆಬ್ರವರಿ

ಅಕ್ಕಾ,

ನೀನು ಏಳು ಮಕ್ಕಳಿದ್ದೂ ಸೀಸೆ ತೆರೆಯಲಿಲ್ಲವೆಂದು ಮುಂಡಿಯಾ ಅವರಿಗೆ ಹೇಳಿದೆ. "ಹೀಗಿರ್ಬೇಕು ನೋಡಿ ಶಿಸ್ತು ಅಂದ್ರೆ" ಎಂದು ಸಭೆಯಲ್ಲಿ ನಿನ್ನ ಹೆಸರು ಹಿಡಿದು ಹೊಗಳಿದರು. ಹೋದ ತಿಂಗಳು ನಕ್ಕವರೆಲ್ಲ ಈ ಸಲ ನನ್ನ ಬೆನ್ನು ತಟ್ಟಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲಾರೆ.

ಲಿಸೇಲಿಯ ವಿಷಯ. ನನ್ನ ಮಗಳೆಂದು ತೆರೆಯಬೇಡ. ಊರವರ ಏಳು ಮಕ್ಕಳನ್ನು ವಾಪಸು ಕಳಿಸಿ, ಉಗ್ರಾಣದವನ ಮಗಳೊಬ್ಬಳಿಗಾಗಿ ತೆರೆದರು ಎಂದು ನಾಳೆ ಬಯಲೆಲ್ಲ ಮಾತಾದರೆ? ಆಡುವ ಬಾಯಿಗೆ ಬೀಗ ಹಾಕಲಾಗದು. ನನಗಿಂತ ಮೊದಲು ಈ ಬೀಗದ ಕೈ ಹಿಡಿದಿದ್ದವನ ಕೆಲಸ ಹೋದದ್ದೇ ಇಂಥ ಮಾತಿನಿಂದ.

ಇನ್ನೆಷ್ಟು ದಿನ ಹೇಳು. ವರ್ಷವರ್ಷದಂತೆ ನೀರು ತುಂಬಿ ಅರಸರ ಡೋಲು ಬಾರಿಸಿದರೆ ಇಡೀ ಬಯಲು ಅವರ ದೋಣಿಯ ಹಿಂದೆ ದಂಡೆಗೆ ಬಂದೇ ಬರುತ್ತದೆ. ಆಗ ಎಲ್ಲರೂ ಒಂದೇ ಕಡೆ. ಹತ್ತೇನು, ನೂರು ಮಕ್ಕಳು ಸಾಲಾಗಿ ನಿಲ್ಲುತ್ತವೆ, ನಿನಗೇ ಕೈ ಸೋಲುತ್ತದೆ. ಅಲ್ಲಿವರೆಗೆ ತಾಳು.

ಸೀಮೆಎಣ್ಣೆ ಅರ್ಧ ಡಬ್ಬ ಮಾತ್ರ ಸಿಕ್ಕಿತು. ಬತ್ತಿ ಸಣ್ಣದಾಗಿಟ್ಟುಕೋ.

ಬೇರೆ ವಿಶೇಷವೇನಿಲ್ಲ.

ಇಮಾಸಿಕು


ಸಿಕುಲೂ
೨೪ ಫೆಬ್ರವರಿ, ಮಂಗಳವಾರ

ತಮ್ಮನಿಗೆ,

ನೀನು ಹೇಳಿದ್ದು ಸರಿ, ನನಗೂ ಹಾಗೇ ಅನ್ನಿಸಿತು. ಡೋಲಿಗೆ ಮೊದಲು ನಾವು ಯಾವ ಕೆಲಸವನ್ನು ತಾನೇ ಮಾಡುತ್ತೇವೆ? ಮನೆ ಮುಳುಗಿದರೂ ಮಂಚದ ಮೇಲೆ ಮಂಚ ಇಟ್ಟುಕೊಂಡು ಕೂರುತ್ತೇವೆ, ಅರಸರಿಗಿಂತ ಮೊದಲು ಬಯಲು ಬಿಡುವುದಿಲ್ಲ.

ಇವತ್ತು ನಾಲ್ಕೇ ಮಕ್ಕಳು. ನಾಲ್ಕನೆಯದು ಇಲ್ಲಿಯದಲ್ಲ, ಮೇಲ್ದಂಡೆ ಕಡೆಯಿಂದ ಮೀನು ಹಿಡಿಯಲು ಬಂದವರದು, ಕೆಮ್ಮುತ್ತಿತ್ತು. ಇನ್ನೂ ಬರಬಹುದೆಂದು ಎಲ್ಲರನ್ನೂ ಮಧ್ಯಾಹ್ನದವರೆಗೆ ಕೂರಿಸಿಕೊಂಡೆ. ಲಿಸೇಲಿ ಆ ಮಗುವಿನ ಸೋರೆಬುರುಡೆಯ ಗಿಲಕಿ ಕಿತ್ತುಕೊಂಡು ಬಾಯಿಗಿಟ್ಟುಕೊಂಡಳು. ಕಿತ್ತುಕೊಳ್ಳುವುದು ಮಾತ್ರ ಥೇಟ್ ನೀನೇ. ಇಬ್ಬರೂ ಬೆಂಚಿನ ಕೆಳಗೆ ಬಹಳ ಹೊತ್ತು ಆಡಿದರು.

ಅಮ್ಮ ಹೋಗುವಾಗ ಹೇಳಿದಳು: "ಎರಡು ಸಲ ಹುಟ್ಟು ಹಾಕ್ಕೊಂಡು ಬಂದೆ. ಮೂರನೇ ಸಲ ಬರಲ್ಲ. ನನ್ನ ತೋಳೇನು ಮೋಟಾರಾ?"

ಒಂದು ಮಾತು. ಆ ಮೀನುಗಾರರ ಹೆಂಗಸು, ತಮ್ಮ ಕಡೆ ಮಕ್ಕಳಿಗೆ ಮೈಮೇಲೆ ಕೆಂಪು ಏಳುತ್ತಿದೆ ಅಂದಳು. ಬಿಸಿಲಿಗೆ ಎದ್ದ ಬೆವರುಸಾಲೆ ಇರಬಹುದು. ನಿನ್ನ ಕಚೇರಿಗೆ ಏನಾದರೂ ಸುದ್ದಿ ಬಂದಿದೆಯೇ? ಬಂದಿದ್ದರೆ ನೀನು ಬರೆಯುತ್ತಿದ್ದೆ ಅಂದುಕೊಂಡು ಸುಮ್ಮನಿದ್ದೇನೆ.

ಅಕ್ಕ


ಉಗ್ರಾಣ
೮ ಮಾರ್ಚ್

ಅಕ್ಕಾ, ತೆರೆ.

ಹತ್ತು ಬೇಡ, ಐದು ಬೇಡ. ಒಂದೇ ಮಗು ಬಂದರೂ ತೆರೆ. ಯಾರೂ ಬರದಿದ್ದರೆ ನೀನೇ ಅಮ್ಮನ ದಿಬ್ಬಕ್ಕೆ ಹೋಗಿ ಲಿಸೇಲಿಗೆ ಹಾಕು, ಉಳಿದದ್ದನ್ನು ನದಿಗೆ ಚೆಲ್ಲು. ಬೈಗುಳ ಬಂದರೆ ನನ್ನ ತಲೆಗೆ ಬರಲಿ.

ಮೇಲ್ದಂಡೆಯಲ್ಲಿ ದಡಾರ ಎದ್ದಿದೆ. ಹಿಂದಿನ ಕಾಗದ ಬರೆಯುವಾಗಲೇ ಗಾಳಿಸುದ್ದಿ ಬಂದಿತ್ತು. ಖಚಿತವಾಗುವವರೆಗೆ ಬಾಯಿ ಬಿಡಬೇಡಿ ಎಂದು ಅಪ್ಪಣೆಯಾಗಿತ್ತು, ನಾನು ಬಿಡಲಿಲ್ಲ. ನಿನ್ನೆ ಖಚಿತವಾಯಿತು. ಈ ಪೆಟ್ಟಿಗೆಯಲ್ಲಿ ಇನ್ನೂ ಆರು ಸೀಸೆ ಇವೆ, ಒಂದು ಡಬ್ಬ ತುಂಬ ಸೀಮೆಎಣ್ಣೆ ಇದೆ. ನಾಳೆ ಬೆಳಗ್ಗೆ ಲುಬಿಂಡಾ ಹೊರಡುತ್ತಾನೆ.

೧೦ ಮಾರ್ಚ್. ಲುಬಿಂಡಾ ಹೊರಟಿಲ್ಲ. ಅರಸರ ಹೊರಡುವ ಹಬ್ಬಕ್ಕೆ ಬರುವ ದೊಡ್ಡವರನ್ನು ಕರೆದೊಯ್ಯಲು ನಮ್ಮ ದೋಣಿಯ ಮೋಟಾರು ಕಳಚಿಕೊಂಡು ಹೋಗಿದ್ದಾರೆ. ಎರಡು ದಿನದ ಮಾತು ಅಂದರು. ಪೆಟ್ಟಿಗೆಯ ಐಸ್ ಬದಲಾಯಿಸಿದೆ.

೧೫ ಮಾರ್ಚ್. ಇನ್ನೂ ಇಲ್ಲ. ಮುಂಡಿಯಾ ಅವರೇ ಹೋಗಿ ಕೇಳಿದರು. "ಅರಸರ ಕೆಲಸಕ್ಕಿಂತ ನಿಮ್ಮ ಪೆಟ್ಟಿಗೆ ದೊಡ್ಡದಾ?" ಅಂದು ಕಳಿಸಿದರಂತೆ. ಕಾಗದವನ್ನಾದರೂ ಮೀನಿನವರ ಕೈಯಲ್ಲಿ ಕೊಡೋಣವೆಂದು ಕಟ್ಟೆಗೆ ಹೋದೆ. ಬಯಲಿಂದ ಬಂದವರೆಲ್ಲ ಹಬ್ಬ ನೋಡಲು ಇಲ್ಲೇ ಉಳಿದಿದ್ದಾರೆ, ಯಾರೂ ಹಿಂತಿರುಗುತ್ತಿಲ್ಲ. ನಿಮ್ಮ ವೈರ್‌ಲೆಸ್ ರೇಡಿಯೋದ ಬ್ಯಾಟರಿ ಸತ್ತು ವರ್ಷವಾಯಿತು, ಹೊಸದಕ್ಕೆ ನೀನು ಕೇಳಿದಾಗೆಲ್ಲ ನಾನೇ ಮುಂದಿನ ಸಲ ಎಂದಿದ್ದೆ. ಅಕ್ಕಾ, ಬುದ್ಧಿವಂತೆ ನೀನು. ನನ್ನ ಮಾತಿಗೆ ಕಾಯದೆ ತೆರೆದಿರುತ್ತೀಯ, ಅಲ್ಲವೇ?


ಸಿಕುಲೂ
೧೧ ಮಾರ್ಚ್

ತಮ್ಮನಿಗೆ,

ಲುಬಿಂಡಾ ಬರಲಿಲ್ಲ, ಪೆಟ್ಟಿಗೆ ಬರಲಿಲ್ಲ, ನಿನ್ನ ಅಕ್ಷರವೂ ಇಲ್ಲ. ಒಣಮೀನು ಮಾರಲು ಪಟ್ಟಣಕ್ಕೆ ಹೊರಟವಳ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನನ್ನ ಮೇಲೆ ಕೋಪವೇ?

ಮೊನ್ನೆ ಮಂಗಳವಾರ ಎಂಟು ಮಕ್ಕಳು! ಇನ್ನೆರಡಾದರೆ ಆಯಿತೆಂದು ಪಕ್ಕದ ದಿಬ್ಬಕ್ಕೆ ದೋಣಿ ಕಳಿಸಿದೆ. ಅಲ್ಲಿ ಇಬ್ಬರು ತಾಯಂದಿರು ಮಡಕೆ ಕುಡಿಕೆ ಕಟ್ಟುತ್ತ ಕೂತಿದ್ದರಂತೆ. "ನಾಳೆ ನಾಡಿದ್ದು ಡೋಲು ಹೊಡೀತಾರೆ, ದಂಡೆ ಮೇಲೇ ಹಾಕಿಸ್ಕೋತೀವಿ ಅಂತ ಸಿಸ್ಟರಿಗೆ ಹೇಳಪ್ಪಾ" ಅಂದು ಕಳಿಸಿದರು. ನಾವಿಬ್ಬರೂ ಅಂದುಕೊಂಡದ್ದನ್ನೇ ಅವರೂ ಅಂದುಕೊಂಡಿದ್ದಾರೆ. ಏನು ಬೈಯಲಿ? ಹೊತ್ತು ಇಳಿಯುವವರೆಗೆ ಕಾದು ಎಂಟನ್ನೂ ಕಳಿಸಿದೆ.

ಅಮ್ಮ ಬಂದಿರಲಿಲ್ಲ. ನಾನೇ ನಿನ್ನೆ ಹೋಗಿದ್ದೆ. ಲಿಸೇಲಿಗೆ ಸ್ವಲ್ಪ ನೆಗಡಿ, ಮೈ ಬೆಚ್ಚಗಿದೆ, ಕಣ್ಣು ತುಸು ಕೆಂಪು. ಮೇಲಿನ ಹಲ್ಲು ಬರುತ್ತಿರಬೇಕು ಅನ್ನುತ್ತಾಳೆ ಅಮ್ಮ. ನಾನೂ ಹೌದು ಅಂದೆ. ಗಾಬರಿಯಾಗಬೇಡ, ಲುಂಗೋವೆಗೂ ಬರೆಯಬೇಡ, ಪರೀಕ್ಷೆಯ ಸಮಯ.

ಸೀಮೆಎಣ್ಣೆ ತಳ ಕಂಡಿದೆ.

ಅಕ್ಕ


೮ ಮಾರ್ಚ್‌ನ ಕಾಗದದ ಹಿಂಬದಿ
೨೨ ಮಾರ್ಚ್

ಒಣಮೀನಿನವಳು ಮಾರಾಟ ಮುಗಿಸಿ, ನೆನಪಾದಾಗ, ಇವತ್ತು ನಿನ್ನ ಕಾಗದ ಕೊಟ್ಟಳು.

ನಾನು ಉಗ್ರಾಣದವನು, ಡಾಕ್ಟರಲ್ಲ. ಆದರೂ ಇಷ್ಟು ವರ್ಷ ಸೀಸೆಗಳ ಜೊತೆ ಬಂದ ಕಾಗದಗಳನ್ನು ಓದಿದವನು. ನೆಗಡಿ, ಜ್ವರ, ಕೆಂಪು ಕಣ್ಣು. ಅಕ್ಕಾ, ನಿಜ ಹೇಳು. ಹಲ್ಲು ಬರುವಾಗ ಯಾರ ಕಣ್ಣು ಕೆಂಪಾಗುತ್ತದೆ? ಇದು ನಿನಗೆ ಗೊತ್ತಿಲ್ಲವೇ?

ನಾನೇ ಒಂದು ಹುಟ್ಟುದೋಣಿ ಗೊತ್ತು ಮಾಡಿದೆ. ಅಷ್ಟರಲ್ಲಿ ರಾಜಧಾನಿಯ ಲಾರಿ ಬಂತು. ಇಡೀ ಪ್ರಾಂತ್ಯಕ್ಕೆ ಬೇಕಾದ ದಡಾರದ ಲಸಿಕೆ ಅದರಲ್ಲಿದೆ. ಪಟ್ಟಣದಲ್ಲಿ ನಿನ್ನೆಯಿಂದ ಕರೆಂಟಿಲ್ಲ. ನಮ್ಮ ಹಳೆ ಜನರೇಟರನ್ನು ಮೂರ್ಮೂರು ಗಂಟೆಗೊಮ್ಮೆ ನಿಲ್ಲಿಸಿ ತಣಿಸಬೇಕು, ಅದರ ಹುಚ್ಚು ನನಗೊಬ್ಬನಿಗೇ ಗೊತ್ತು. "ನೀನು ಹೋದ್ರೆ ಇಷ್ಟೂ ನೀರಾಗುತ್ತೆ ಕಣೋ. ಇದನ್ನ ನಂಬ್ಕೊಂಡು ಎಷ್ಟು ಮಕ್ಕಳಿದಾವೆ ಗೊತ್ತಾ?" ಅಂದರು ಮುಂಡಿಯಾ. ಅವರು ಕೆಟ್ಟವರಲ್ಲ. ನಾನಿಲ್ಲದೆ ಪೆಟ್ಟಿಗೆಯ ಹೊಣೆ ಹೊರಲಾರೆ ಎಂದ ದೋಣಿಯವನನ್ನು ವಾಪಸು ಕಳಿಸಿ ಜನರೇಟರಿನ ಪಕ್ಕ ಕೂತಿದ್ದೇನೆ. ಎಲ್ಲರ ಮಕ್ಕಳ ಔಷಧ ಕಾಯುತ್ತಿದ್ದೇನೆ.

ಸೂಜಿ ಹಾಕಿದ್ದೇನೆ ಎಂದು ಬರೆ. ಸುಳ್ಳಾದರೂ ಸರಿ, ಒಂದು ಸಲ ಬರೆ.


ದಂಡೆಯ ಮೇಲಿನ ಬಿಡಾರ
೩ ಏಪ್ರಿಲ್

ಇಮಾಸಿಕು,

ಸುಳ್ಳು ಬರೆಯಲಾರೆ ತಮ್ಮಾ. ಒಂದು ಬರೆದದ್ದೇ ಸಾಕಾಗಿದೆ. ಕೆಂಪು ಕಣ್ಣು ನೋಡಿದ ದಿನವೇ ನನಗೆ ಗೊತ್ತಿತ್ತು. ಅವಳ ಕೆನ್ನೆಯೊಳಗೆ ಬೆರಳಿಟ್ಟು ನೋಡಿದ್ದೆ, ದಡಾರದ ಬಿಳಿ ಚುಕ್ಕಿಗಳಿದ್ದವು. ಅಷ್ಟು ದೂರದಲ್ಲಿರುವ ನಿನಗೆ ಬರೆದು ಏನು ಮಾಡಲಿ ಅನ್ನಿಸಿ ಹಲ್ಲಿನ ಮಾತು ಬರೆದೆ.

ಲಿಸೇಲಿ ಮಾರ್ಚ್ ಇಪ್ಪತ್ತೊಂದರ ಮಧ್ಯಾಹ್ನ ಹೋದಳು. ಮೈಮೇಲಿನ ಕೆಂಪು ಇಳಿದಿತ್ತು, ಗೆದ್ದೆವು ಅಂದುಕೊಂಡಿದ್ದೆ. ಆಮೇಲೆ ಉಸಿರು ಹಿಡಿಯಿತು. ನನ್ನಲ್ಲಿದ್ದ ಔಷಧಿಯೆಲ್ಲ ಕೊಟ್ಟೆ. ಅಮ್ಮನ ಮಡಿಲಲ್ಲೇ ಇದ್ದಳು. ಕೊನೆಗೆ ಆ ಬಿಳಿ ಹೇಂಟೆ ಪಕ್ಕಕ್ಕೆ ಬಂದಾಗಲೂ ಅವಳು ಹೆದರಲಿಲ್ಲ, ಆಗ ನನಗೆ ಭಯವಾಯಿತು. ದಿಬ್ಬದ ಮೇಲೆ ಒಣಗಿದ ನೆಲ ಉಳಿದಿದ್ದದ್ದು ಮಾವಿನ ಮರದ ಬುಡದಲ್ಲಿ ಮಾತ್ರ. ಅಲ್ಲೇ ಮಲಗಿಸಿದೆವು. ಬೆಂಚಿನ ಮೇಲೆ ಕಾದು ಕೂತ ಮಕ್ಕಳಲ್ಲಿ ಇನ್ನೂ ಎರಡು ಹೋದವು. ಆ ಕೆಮ್ಮುವ ಮಗುವನ್ನು ಅವರ ನಡುವೆ ಮಧ್ಯಾಹ್ನದವರೆಗೆ ಕೂರಿಸಿಕೊಂಡವಳು ನಾನು.

ಮಣ್ಣು ಮಾಡಿದ ಆರನೇ ದಿನ ಡೋಲು ಬಾರಿಸಿದರು. ಅರಸರ ದೋಣಿ ಹೊರಟಿತು, ಹಿಂದೆ ನಾವೆಲ್ಲ ಹೊರಟೆವು. ಮಾರನೆಯ ದಿನ ಲುಬಿಂಡಾ ಬಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಪೆಟ್ಟಿಗೆಯ ಮುಚ್ಚಳ ತೆಗೆದೆ, ನಿನ್ನ ಕಾಗದ ಸಿಕ್ಕಿತು. 'ಅಕ್ಕಾ, ತೆರೆ' ಎಂಬಲ್ಲಿಗೆ ನಿಲ್ಲಿಸಿದೆ. ಉಳಿದದ್ದನ್ನು ಮರುದಿನ ಓದಿದೆ.

ನೀನು ಹೇಳಿದ್ದು ನಿಜ. ಇಲ್ಲಿ ಮಕ್ಕಳು ಸಾಲಾಗಿ ನಿಂತವು. ನನಗೆ ಕೈ ಸೋತಿತು.

ಜನವರಿಯಲ್ಲಿ ನೀನು ಕಳಿಸಿದ ನಾಲ್ಕು ಸೀಸೆ ಏನಾದವೆಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಅವಳು ಮಲಗಿದ್ದ ದಿನಗಳಲ್ಲಿ ಸೀಮೆಎಣ್ಣೆ ಮುಗಿದು ಫ್ರಿಜ್ ಆರಿತು. ಶಾಖ ತಾಗಿದರೆ ಕಪ್ಪಾಗುವ ಗುರುತಿದೆಯಲ್ಲ ಸೀಸೆಯ ಮೇಲೆ, ನಾಲ್ಕರ ಮೇಲೂ ಕಪ್ಪಾಯಿತು. ತೆರೆಯದೆಯೇ ಹೊಂಡಕ್ಕೆ ಹಾಕಿದೆ. ನಲವತ್ತು ಮಕ್ಕಳ ಔಷಧ. ನನ್ನ ಕೈಯಳತೆಯಲ್ಲೇ ಇತ್ತು.

ಅಮ್ಮ ನನ್ನ ಜೊತೆ ಮಾತಾಡುವುದಿಲ್ಲ. ನಿನಗೆ ಏನಾದರೂ ಬರೆಯಬೇಕೇ ಎಂದು ಅವಳನ್ನು ಕೇಳಿದೆ. "ಎಣಿಸ್ಬೇಡ ಅಂದಿದ್ದೆ ಅಂತ ಬರಿ" ಅಂದಳು. ಅಷ್ಟೇ.

ಲುಂಗೋವೆಗೆ ನೀನೇ ಹೋಗಿ ಹೇಳು. ಕಾಗದದಲ್ಲಿ ಬೇಡ.

ಅಕ್ಕ


ಉಗ್ರಾಣ
೧೯ ಏಪ್ರಿಲ್

ಅಕ್ಕಾ,

ಲುಂಗೋವೆಗೆ ಹೇಳಿ ಬಂದೆ. ಅವಳು ಕೇಳಿದ್ದು ಒಂದೇ: "ನೀನು ಇರೋದೇ ಔಷಧದ ಮನೇಲಲ್ವಾ?" ಅವಳು ಕಾಲೇಜಿನಲ್ಲೇ ಇದ್ದಾಳೆ. ಈ ಕಡೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಇರಬೇಕೆಂದು ಪ್ರಯತ್ನಪಟ್ಟೆ. ಯಾರ ಮೇಲೆ ಕೋಪಮಾಡಿಕೊಳ್ಳಲು ಹೋದರೂ, ಅವರೂ ಯಾರದೋ ಅಪ್ಪಣೆಗೆ ಕಾಯುತ್ತ ಕೂತಿರುತ್ತಾರೆ. ಸಹಿ ಮಾಡಿದವನು ನಾನು. ಅಲ್ಲಿಗೆ ಬಂದು ನಿಲ್ಲುತ್ತೇನೆ.

ಪೆಟ್ಟಿಗೆಯಲ್ಲಿ ಈ ಸಲವೂ ಟೈಪು ಮಾಡಿದ ಕಾಗದವೊಂದಿದೆ. ಓದಬೇಡ ಅಂದರೂ ಓದುತ್ತೀಯ, ಆದ್ದರಿಂದ ಹೇಳಿಬಿಡುತ್ತೇನೆ. ಅದು ಪ್ರಶಂಸೆ. ಈ ಮೂರು ತಿಂಗಳಲ್ಲಿ ಸೀಸೆ ತೆರೆದು ಒಂದು ಹನಿಯೂ ಚೆಲ್ಲದ ಚಿಕಿತ್ಸಾಲಯ ಜಿಲ್ಲೆಯಲ್ಲಿ ನಿನ್ನದೊಂದೇ. ತೆರೆಯದೆ ಹಾಳಾದದ್ದು ಆ ಲೆಕ್ಕಕ್ಕೆ ಸೇರುವುದಿಲ್ಲವಂತೆ. ಇದಕ್ಕೂ ನನ್ನ ಸಹಿ ಬೇಕೆಂದರು. ಮಾಡಿದೆ. ಹರಿದುಹಾಕುವ ಅಧಿಕಾರ ನನಗಿಲ್ಲ, ನಿನಗಿದೆ.

ನಿಯಮ ಹಾಗೇ ಇದೆ. ಬದಲಾಯಿಸಿ ಎಂದು ಮೇಲಕ್ಕೆ ಬರೆದಿದ್ದೇನೆ, ಮುಂಡಿಯಾ ಅವರೂ ಬರೆದಿದ್ದಾರೆ. ಉತ್ತರ ಬಂದಿಲ್ಲ.

ಇಮಾಸಿಕು


ದಂಡೆಯ ಮೇಲಿನ ಬಿಡಾರ
೪ ಮೇ, ಮಂಗಳವಾರ

ತಮ್ಮಾ,

ನಿಮ್ಮ ಪ್ರಶಂಸೆಯಿಂದ ಒಲೆ ಹೊತ್ತಿಸಿದೆ. ಚೆನ್ನಾಗಿ ಉರಿಯಿತು.

ಅಮ್ಮ ಈಗ ಪ್ರತಿ ಮಂಗಳವಾರ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಬೆನ್ನಿಗೆ ಕಟ್ಟುತ್ತಿದ್ದ ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿರುತ್ತಾಳೆ. ಮಾತಿಲ್ಲ. ನಾನೂ ಬೇಡವೆನ್ನುವುದಿಲ್ಲ.

ಇಲ್ಲಿಗೆ ಬಂದ ಮಕ್ಕಳಿಗೆಲ್ಲ ಸೂಜಿ ಆಗಿಹೋಗಿದೆ. ಇವತ್ತು ಬಂದದ್ದು ಒಂದೇ ಮಗು, ಯಾರದೋ, ಹೆಸರೂ ಮರೆತೆ. ತೆರೆದೆ. ನೀರು ಬೆರೆಸಿ ಅದರ ಪಾಲು ಎಳೆದು ತೋಳಿಗೆ ಹಾಕಿದೆ. ಸಂಜೆಯವರೆಗೆ ಸೀಸೆ ಮೇಜಿನ ಮೇಲಿತ್ತು. ಮತ್ತೆ ಯಾರೂ ಬರಲಿಲ್ಲ. ಬರೆದುಕೋ, ಒಂಬತ್ತು ಪಾಲು ವ್ಯರ್ಥ, ಸಿಕುಲೂ ಚಿಕಿತ್ಸಾಲಯ.

ಚೆಲ್ಲಲು ಹೊಂಡದ ಹತ್ತಿರ ಹೋದಾಗ ಅಮ್ಮ ಹಿಂದೆಯೇ ಬಂದಳು. ತೋರಿಸು ಎಂಬಂತೆ ಕೈ ಚಾಚಿದಳು. ಅವಳ ಅಂಗೈಗೇ ಸೀಸೆ ಬಗ್ಗಿಸಿದೆ. ಒಂಬತ್ತು ಮಕ್ಕಳ ಔಷಧ, ಅಂಗೈಯ ಗುಳಿಯೂ ತುಂಬಲಿಲ್ಲ. ಅಮ್ಮ ಅದನ್ನೇ ನೋಡುತ್ತ ನಿಂತಳು. ಎಣಿಸ್ಬೇಡ ಅಂದಿದ್ದೆ ಎಂದ ಮೇಲೆ ಇದೇ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಇಷ್ಟೇನಾ?" ಅಂತ ಕೇಳಿದಳು.

ಅಕ್ಕ